ಉಲ್ಟಾ ಕಚ್ಚಿನ ಸೂಜಿ

ಸೂಜಿಯ ನಂಬರು ದೊಡ್ಡದಾದಷ್ಟೂ ಸೂಜಿ ಸಣ್ಣ. ಕೂದಲು ನೆಡಲು ಹೊಸದಾಗಿ ಕಲಿಯುವವರಿಗೆ ಇದೊಂದನ್ನು ತಲೆಗೆ ಹೋಗಿಸುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತಿತ್ತು. ಮೂವತ್ತಾರು ಅಂದರೆ ಗೋಣಿಚೀಲ ಹೊಲಿಯಬಹುದಾದಂಥ ಸೂಜಿ. ಮೂವತ್ತೆಂಟು ಅದಕ್ಕಿಂತ ಸ್ವಲ್ಪ ಮರ್ಯಾದಸ್ಥ. ನಲವತ್ತು ಹಿಂದಲೆಗೆ ಸರಿ. ನಲವತ್ತೆರಡು ನೆತ್ತಿಗೆ, ಸುಳಿಯ ಸುತ್ತ. ನಲವತ್ಮೂರು ಹಣೆಯಂಚಿಗೆ ಮಾತ್ರ. ಜೋರಾಗಿ ಉಸಿರು ಬಿಟ್ಟರೆ ಮುರಿದೀತು ಅನ್ನಿಸುವಂಥದ್ದು. ಎಲ್ಲ ಸೂಜಿಗಳ ಮೈಮೇಲೂ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕಚ್ಚುಗಳಿರುತ್ತವೆ. ಗೊಂಬೆಯ ರಬ್ಬರು ತಲೆಯ ಮೇಲೆ ಒಂದೆಳೆ ಕೂದಲಿಟ್ಟು ಸೂಜಿ ಒತ್ತಿದರೆ ಕಚ್ಚು ಆ ಎಳೆಯನ್ನು ಹಿಡಿದುಕೊಂಡು ಒಳಗೆ ಹೋಗುತ್ತದೆ, ಅಲ್ಲೇ ಬಿಟ್ಟು ಹೊರಗೆ ಬರುತ್ತದೆ. ಇಷ್ಟೇ ವಿದ್ಯೆ. ಇದನ್ನೇ ನಾನು ಮೂವತ್ತೈದು ವರ್ಷ ಮಾಡಿದೆ. ಹೆಸರು ನಾಗವೇಣಿ, ಬೆನ್ನ ಮೇಲಿರುವುದು ಇಲಿಬಾಲದಂಥ ಜಡೆ. ನನ್ನ ಗೊಂಬೆಗೆ ನೆಟ್ಟವಳು ಯಾರೋ ಸೋಮಾರಿ.

ನಮ್ಮ ಊರಿನಲ್ಲಿ ಮಕ್ಕಳು ಬೋಳುತಲೆಯಲ್ಲೇ ಹುಟ್ಟುತ್ತವೆ, ಗೊಂಬೆಗೆ ಕೂದಲು ನೆಡುವ ತನಕ ಬೋಳಾಗಿಯೇ ಇರುತ್ತವೆ. ಮಗು ಹುಟ್ಟಿದ ವಾರಕ್ಕೆ ಅಚ್ಚಿನ ಮನೆಯವರು ಬಂದು ಮುಖದ ಅಳತೆ ತೆಗೆದುಕೊಂಡು ಹೋಗುತ್ತಾರೆ. ತಿಂಗಳೊಳಗೆ ಅದೇ ಮೂಗು, ಅದೇ ಗದ್ದ, ಅದೇ ಕಿವಿಯ ಮಡಿಕೆ ಇರುವ ಗೊಂಬೆ ಮನೆಗೆ ಬರುತ್ತದೆ. ಬಟ್ಟೆಯ ಮೈಯೊಳಗೆ ರಾಗಿ ತುಂಬಿ, ಮಗು ಹುಟ್ಟಿದಾಗ ಎಷ್ಟಿತ್ತೋ ಅಷ್ಟೇ ತೂಕಕ್ಕೆ ಸರಿಮಾಡಿರುತ್ತಾರೆ. ತಾಯಿಯಾದವಳು ಬಸುರಿಯಾಗಿದ್ದಾಗ ಬಾಚಣಿಗೆಯಲ್ಲಿ ಉದುರಿದ ಕೂದಲನ್ನು ಸುತ್ತಿ ಸುತ್ತಿ ಗೋಡೆಯ ಗೂಡಿನಲ್ಲಿ ಇಟ್ಟುಕೊಂಡಿರುತ್ತಾಳೆ. ಹಳೇ ಕೂದಲಿಗೆ ಪಾತ್ರೆ ಕೊಡುವವನು ಬಸುರಿಯರಿರುವ ಮನೆ ಮುಂದೆ ಕೂಗುವುದೂ ಇಲ್ಲ. ಮೂರನೇ ತಿಂಗಳಲ್ಲಿ ಆ ಕೂದಲು, ಆ ಗೊಂಬೆ, ಆ ಮಗು ಮೂರನ್ನೂ ಹೊತ್ತುಕೊಂಡು ನನ್ನ ಹತ್ತಿರ ಬರುತ್ತಾರೆ. ನಾನು ಗೊಂಬೆಗೆ ನೆಟ್ಟ ಮೂರನೇ ದಿನಕ್ಕೆ ಮಗುವಿನ ತಲೆಯಲ್ಲಿ ಅದೇ ಜಾಗದಲ್ಲಿ ಕೂದಲು ಮೊಳೆಯುತ್ತದೆ. ಆಮೇಲೆ ಗೊಂಬೆ ಬೀರು ಸೇರುತ್ತದೆ. ಮಗು ಬೆಳೆದು ಮುದಿಯಾಗುತ್ತದೆ, ಗೊಂಬೆ ಮೂರು ತಿಂಗಳಿನದಾಗಿಯೇ ಕಣ್ಣು ಬಿಟ್ಟುಕೊಂಡು ಸೀರೆಗಳ ಮಧ್ಯೆ ಕೂತಿರುತ್ತದೆ. ಒಬ್ಬರ ಕೂದಲು ಉದುರಿದರೆ ಇನ್ನೊಬ್ಬರದೂ ಉದುರುತ್ತದೆ. ನಲವತ್ತು ದಾಟಿದ ಗಂಡಸರು ಬಕ್ಕತಲೆ ಸವರಿಕೊಂಡು ನನ್ನ ಮನೆ ಮುಂದೆ ನಿಂತು ಬೈಯುವುದುಂಟು. ನಿಮ್ಮ ಚಪ್ಪಲಿ ಇಷ್ಟು ವರ್ಷ ಬಾಳಿಕೆ ಬಂದಿದೆಯಾ ಎಂದು ಕೇಳಿ ಕಳಿಸುತ್ತಿದ್ದೆ.

ಚುಚ್ಚುವುದು ಗೊಂಬೆಗೆ, ಗೊತ್ತಾಗುವುದು ಮಗುವಿಗೆ. ಅದಕ್ಕೇ ನಮ್ಮೂರಿನಲ್ಲಿ ಸೂಜಿ ಆರಿಸುವುದು ಹುಡುಗಾಟದ ಕೆಲಸವಲ್ಲ. ನಲವತ್ಮೂರು ಹಾಕಿದರೆ ಮಗು ನಿದ್ದೆಯಲ್ಲೇ ಇರುತ್ತದೆ. ನಲವತ್ತು ಹಾಕಿದರೆ ಹುಬ್ಬು ಗಂಟಿಕ್ಕುತ್ತದೆ. ಮೂವತ್ತೆಂಟಕ್ಕೆ ಕಿರುಚಿಕೊಳ್ಳುತ್ತದೆ. ಹಾಗಂತ ಎಲ್ಲಕ್ಕೂ ನಲವತ್ಮೂರು ಹಾಕಿದರೆ ಕೂದಲು ಗಟ್ಟಿಯಾಗಿ ಕೂರುವುದಿಲ್ಲ. ಈ ಕೆಲಸ ಕಲಿಸಿದವರು ನಮ್ಮತ್ತೆ. ತಾಯಿ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಎದುರಿಗೆ ಕೂರಬೇಕು, ಗೊಂಬೆಯ ತಲೆ ನನ್ನ ಮಡಿಲಲ್ಲಿರಬೇಕು. ಕೈ ಗೊಂಬೆಯ ಮೇಲಿರಲಿ, ಕಣ್ಣು ಮಗುವಿನ ಹುಬ್ಬಿನ ಮೇಲಿರಲಿ ಎನ್ನುತ್ತಿದ್ದರು. ಅವರು ಹೇಳಿಕೊಟ್ಟ ಇನ್ನೊಂದು ಕಟ್ಟಳೆ ಇತ್ತು. ನೆಡುವಾಗ ಸೂಜಿ ಮುರಿದರೆ ಅದರ ಮೊನೆ ಹುಡುಕಿ ತಾಯಿಯ ಅಂಗೈಯಲ್ಲಿಡಬೇಕು. ಮೊನೆ ಸಿಗುವ ತನಕ ತಲೆಯೊಳಗೆ ಗೋಂದು ಸುರಿದು ಮುಚ್ಚಬಾರದು. ಮುಚ್ಚಿ ಗೋಂದು ಒಣಗಿತೆಂದರೆ ಮುಗಿಯಿತು, ಆ ತಲೆಯನ್ನು ಮತ್ತೆ ಬಿಚ್ಚುವ ಹಾಗಿಲ್ಲ. ಹಿಂದೆ ಯಾರೋ ಒಬ್ಬ ಬಡಗಿಯ ಗೊಂಬೆಯ ತಲೆ ಬಿಚ್ಚಿದರಂತೆ. ಅವನು ಸಾಯುವ ತನಕ ಜಗಲಿಯ ಮೇಲೆ ಕೂತು ಬಿಸಿಲು ನೋಡುತ್ತಿದ್ದನಂತೆ, ಹೆಂಡತಿ ಅನ್ನ ಕಲಸಿ ಬಾಯಿಗಿಟ್ಟರೆ ನೀವು ಯಾರು ಅನ್ನುತ್ತಿದ್ದನಂತೆ.

ಪಾವನಿಯ ತಲೆ ನೆಡುವ ಹೊತ್ತಿಗೆ ನನಗೆ ಹನ್ನೊಂದು ವರ್ಷದ ಅನುಭವವಿತ್ತು, ಇಪ್ಪತ್ತು ವರ್ಷಕ್ಕಾಗುವಷ್ಟು ಅಹಂಕಾರವಿತ್ತು. ಅವಳ ತಾಯಿ ಸುಭದ್ರೆ, ಸೋಡಾ ಅಂಗಡಿಯವನ ಹೆಂಡತಿ, ಮದುವೆಯಾಗಿ ಒಂಬತ್ತು ವರ್ಷಕ್ಕೆ ಹೆತ್ತವಳು. ಬಹಳ ಮೆತ್ತನೆಯ ಹೆಂಗಸು. ಏನನ್ನೂ ಬಾಯಿಬಿಟ್ಟು ಕೇಳದವಳು ಅವತ್ತು ನಾಚಿಕೊಂಡು ಒಂದೇ ಒಂದು ಕೇಳಿದಳು: ಹಣೆಯ ಮೇಲೆ ಸಣ್ಣ ಸಣ್ಣ ಕೂದಲಿರಬೇಕು, ಗಾಳಿಗೆ ಹಾರಬೇಕು. ಅದಕ್ಕೆ ನಲವತ್ಮೂರೇ ಆಗಬೇಕು. ರಬ್ಬರು ತಲೆಯನ್ನು ಆಗಾಗ ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿಕೊಳ್ಳಬೇಕು. ಮೂರನೇ ದಿನ ಸಂಜೆ, ಇನ್ನು ಬೆರಳಗಲ ಜಾಗ ಬಾಕಿ, ನೀರು ಆರಿತ್ತು. ಎದ್ದು ಒಲೆಯ ತನಕ ಹೋಗಲು ನನಗೆ ಬೇಸರ. ಬಿರುಸಾದ ತಲೆಗೇ ಸೂಜಿ ಒತ್ತಿದೆ. ಟಿಕ್ ಅಂತ ಶಬ್ದವಾಯಿತು.

ಮಗು ಆಗ ಹಸಿವಿಗೆ ಅಳುತ್ತಿತ್ತು. ಆ ಶಬ್ದಕ್ಕೆ ಅಳು ಅರ್ಧಕ್ಕೇ ನಿಂತಿತು. ಬಾಯಿ ತೆರೆದೇ ಇತ್ತು, ಸ್ವರ ಇಲ್ಲ. ಆಮೇಲೆ ಅದು ಮೆಲ್ಲಗೆ ಮುಖ ತಿರುಗಿಸಿ, ಕಿಟಕಿಯಾಗಲಿ ದೀಪವಾಗಲಿ ಏನೂ ಇಲ್ಲದ ಬರೀ ಗೋಡೆಯನ್ನು ನೋಡತೊಡಗಿತು. ಅದು ಉತ್ತರದ ಗೋಡೆ.

ಏನು ಮುರಿಯಿತು ಎಂದು ಸುಭದ್ರೆ ಕೇಳಿದಳು. ಸೂಜಿ, ಮೊನೆ ಇಲ್ಲೇ ಎಲ್ಲೋ ಚಾಪೆಯ ಮೇಲೆ ಬಿದ್ದಿದೆ, ನೀನು ಒಳಗೆ ಹೋಗಿ ಮಗುವಿಗೆ ಹಾಲು ಕೊಡು ಅಂದೆ. ನನ್ನ ಸೂಜಿಗಳೆಲ್ಲ ಅಂಟಿಕೊಂಡಿರುವುದು ಹಳೇ ರೇಡಿಯೋದಿಂದ ಕಿತ್ತ ಒಂದು ಅಯಸ್ಕಾಂತದ ಮೇಲೆ. ಅದನ್ನು ತೆಗೆದುಕೊಂಡು ಚಾಪೆಯುದ್ದಕ್ಕೂ ಆಡಿಸಿದೆ. ಸೀರೆ ಒದರಿದೆ. ಗೊಂಬೆಯ ತಲೆಯ ಮೇಲೆ ಮಾತ್ರ ಆಡಿಸಲಿಲ್ಲ. ಆಡಿಸಿದ್ದರೆ ಗೊತ್ತಾಗಿಬಿಡುತ್ತಿತ್ತು. ಗೊತ್ತಾದರೆ ಇಡೀ ತಲೆಯ ಕೂದಲು ಕಿತ್ತು ಮೊದಲಿಂದ ನೆಡಬೇಕು. ಊರವರೆಲ್ಲ ವೇಣಿಯ ಕೈ ನಡುಗುತ್ತದಂತೆ ಎನ್ನುತ್ತಾರೆ. ಇಕ್ಕಳ ತೆಗೆದುಕೊಂಡು ಇನ್ನೊಂದು ಸೂಜಿಯ ತುದಿಯನ್ನು ಕಟಕ್ ಅಂತ ಮುರಿದೆ. ಸುಭದ್ರೆ ಹೊರಗೆ ಬಂದಾಗ ಸಿಕ್ಕಿತು ನೋಡು ಎಂದು ಅವಳ ಅಂಗೈಯಲ್ಲಿಟ್ಟೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡಳು. ಅವಳೆದುರಿಗೇ ಗೋಂದು ಸುರಿದು ತಲೆ ಮುಚ್ಚಿದೆ.

ತಿಂಗಳು ಕಳೆಯುವುದರೊಳಗೆ ಸುಭದ್ರೆ ಮತ್ತೆ ಬಂದಳು. ಕೂದಲು ಚೆನ್ನಾಗಿ ಬಂದಿತ್ತು, ಹಣೆಯ ಮೇಲೆ ಗಾಳಿಗೆ ಹಾರುತ್ತಲೂ ಇತ್ತು. ಆದರೆ ಮಗುವನ್ನು ತೊಟ್ಟಿಲಲ್ಲಿ ಹೇಗೆ ಮಲಗಿಸಿದರೂ ಬೆಳಗ್ಗೆ ನೋಡಿದರೆ ತಲೆ ಉತ್ತರಕ್ಕಿರುತ್ತದೆ ಅಂದಳು. ಹೆಣಕ್ಕಲ್ಲದೆ ಯಾರಿಗೂ ಉತ್ತರಕ್ಕೆ ತಲೆ ಹಾಕಿ ಮಲಗಿಸುವುದಿಲ್ಲ. ಅತ್ತೆ ಮನೆಯವರು ಮಗುವನ್ನು ನೋಡಿ ಬಾಗಿಲಲ್ಲೇ ಹಿಂದೆ ಸರಿಯುತ್ತಾರಂತೆ. ಕೆಲಸ ಮಾಡುವಾಗ ಏನಾದರೂ ಹೆಚ್ಚುಕಡಿಮೆ ಆಗಿದೆಯಾ ಎಂದು ಅವಳು ಕೇಳಲಿಲ್ಲ, ಏನು ಮಾಡಲಿ ಎಂದು ಕೇಳಿದಳು. ನನ್ನ ಬಾಯಿ ತಾನಾಗಿಯೇ ಆಡಿತು.

"ತೊಟ್ಲು ಕಟ್ಟಿದ ದಿಕ್ಕು ಸರಿಯಾಗಿ ನೋಡ್ಕೊಂಡಿದ್ಯಾ? ಮೊದಲ್ನೇ ದಿನ ತಪ್ಪಿದ್ರೆ ಹಿಂಗಾಗತ್ತೆ."

ಅವಳ ಮುಖದ ಬಣ್ಣ ಹೋಯಿತು. ತೊಟ್ಟಿಲು ಕಟ್ಟಿದವಳು ಅವಳೇ. ಅವತ್ತು ನನ್ನ ಮೇಲೆ ಬರಬೇಕಾದದ್ದನ್ನು ಅವಳು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಹೋದಳು. ನಾನು ಅವಳನ್ನು ಕಳಿಸಿ ಬಾಗಿಲು ಹಾಕಿಕೊಂಡು ಊಟ ಮಾಡಿದೆ. ಇದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ, ಆದರೆ ಹೊಟ್ಟೆತುಂಬ ಊಟ ಮಾಡಿದ್ದು ನಿಜ.

ಪಾವನಿ ಬೆಳೆದಳು. ಊರಿನವರು ಯಾವುದಕ್ಕೆ ಬೇಕಾದರೂ ಹೊಂದಿಕೊಳ್ಳುತ್ತಾರೆ, ಅವಳಿಗೂ ಹೊಂದಿಕೊಂಡರು. ಶಾಲೆಯಲ್ಲಿ ಅವಳೊಬ್ಬಳ ಬೆಂಚನ್ನು ತಿರುಗಿಸಿ ಹಾಕಿದರು. ಮಕ್ಕಳು ಅವಳ ಕಣ್ಣಿಗೆ ಬಟ್ಟೆ ಕಟ್ಟಿ ಗರಗರ ಸುತ್ತಿಸಿ ಬಿಡುತ್ತಿದ್ದರು. ಅವಳು ಒಂದು ಕ್ಷಣ ನಿಂತು ಮೆಲ್ಲಗೆ ಉತ್ತರಕ್ಕೆ ತಿರುಗುತ್ತಿದ್ದಳು, ಆಮೇಲೆ ಯಾರ ಮನೆ ಯಾವ ಕಡೆ ಎಂದು ಬೆರಳು ಮಾಡಿ ತೋರಿಸುತ್ತಿದ್ದಳು. ಮನೆ ಕಟ್ಟುವವರು ಪಾಯ ಹಾಕುವ ದಿನ ದಿಕ್ಕು ಕೇಳಲು ಅವಳನ್ನೇ ಕರೆದುಕೊಂಡು ಹೋಗಿ, ಸೈಟಿನ ನಡುವೆ ನಿಲ್ಲಿಸಿ ದಾರ ಹಿಡಿಯುತ್ತಿದ್ದರು. ಬಾಳೆಹಣ್ಣು, ರವಿಕೆಕಣ ಕೊಟ್ಟು ಕಳಿಸುತ್ತಿದ್ದರು. ಕೆಲಸ ಮುಗಿದ ಮೇಲೆ ಅವಳು ನಿಂತಿದ್ದ ಜಾಗಕ್ಕೆ ನೀರು ಚಿಮುಕಿಸುತ್ತಿದ್ದರು. ಬೀದಿಯಲ್ಲಿ ಎದುರಾದಾಗ ನಾನು ಸುಮ್ಮನೆ ತಲೆಯಾಡಿಸುತ್ತಿದ್ದೆ. ಅವಳು ನಿಂತು ಮಾತಾಡಿಸುತ್ತಿದ್ದಳು. ಮಾತು ನನ್ನ ಜೊತೆ, ಮುಖ ಬೇರೆ ಕಡೆ. ಸುಭದ್ರೆ ಎರಡು ವರ್ಷದ ಹಿಂದೆ ತೀರಿಕೊಂಡಳು. ಕಾಯಿಲೆ ಬಿದ್ದಿದ್ದಾಗ ನೋಡಲು ಹೋಗಿದ್ದೆ. ಹಾಸಿಗೆಯ ಪಕ್ಕದಲ್ಲಿ ಆ ಹಳೇ ತೊಟ್ಟಿಲ ಹಗ್ಗ ಇಟ್ಟುಕೊಂಡಿದ್ದಳು. ಯಾಕೆ ಎಂದು ಯಾರೂ ಕೇಳಲಿಲ್ಲ, ನಾನಂತೂ ಕೇಳಲೇ ಇಲ್ಲ.

ಈ ವರ್ಷ ಪಾವನಿ ಹೆತ್ತಳು, ಹೆಣ್ಣುಮಗು. ಮೂರನೇ ತಿಂಗಳು ತುಂಬಿದ ಮಾರನೇ ದಿನ ಬೆಳಗ್ಗೆ ಹತ್ತು ಗಂಟೆಗೆ ಗಂಡ ಗುರುಪಾದ ಅವಳನ್ನು ಸ್ಕೂಟರಿನಲ್ಲಿ ಕರೆದುಕೊಂಡು ಬಂದ. ಎರಡು ಗೊಂಬೆ ತಂದಿದ್ದರು. ಕೂಸಿನದೊಂದು, ತಾಯಿಯದೊಂದು. ತಾಯಿಯ ಸುಳಿ ಯಾವ ಕಡೆ ತಿರುಗಿದೆ ಎಂದು ನೋಡಿಕೊಂಡೇ ಮಗುವಿಗೆ ಸುಳಿ ನೆಡುವುದು ವಾಡಿಕೆ. ಗುರುಪಾದ ಸಂಕೋಚದ ಮನುಷ್ಯ. ಹೆಂಡತಿಯನ್ನು ಚಾಪೆಯ ಮೇಲೆ ಕೂರಿಸಿ, ಜೇಬಿನಿಂದ ಹಳೇ ಸೀರೆಯ ಪಟ್ಟಿಯೊಂದನ್ನು ತೆಗೆದು ಅವಳ ಸೊಂಟಕ್ಕೆ ಸುತ್ತಿ, ಇನ್ನೊಂದು ತುದಿಯನ್ನು ನನ್ನ ಕಿಟಕಿಯ ಸರಳಿಗೆ ಕಟ್ಟಿದ. ಕರು ಕಟ್ಟಿದ ಹಾಗೆ. ಗಂಟು ಬಿಗಿಯಾಯಿತಾ ಎಂದು ಅವಳನ್ನೇ ಕೇಳಿದ. ಇಲ್ಲ, ಸರಿಯಾಗಿದೆ ಅಂದಳು.

ನನ್ನನ್ನು ಹೊರಗೆ ಕರೆದು ಅವನು ಹೇಳಿದ್ದು ಇಷ್ಟು. ಹೆರಿಗೆಯಾದ ಮೇಲೆ ಅವಳ ಸೆಳೆತ ಹೆಚ್ಚಾಗಿದೆ. ಮೊದಲು ಮುಖ ಮಾತ್ರ ತಿರುಗುತ್ತಿತ್ತು, ಈಗ ಕಾಲೂ ನಡೆಯುತ್ತದೆ. ಕೈಯಲ್ಲಿ ಕೆಲಸವಿದ್ದಾಗ ನೆನಪಿಟ್ಟುಕೊಂಡು ನಿಲ್ಲುತ್ತಾಳೆ, ಸ್ವಲ್ಪ ಮೈಮರೆತರೆ ಹೊರಟುಬಿಡುತ್ತಾಳೆ. ಹೋದ ಗುರುವಾರ ಮಟಮಟ ಮಧ್ಯಾಹ್ನ ಕೂಸನ್ನು ಎತ್ತಿಕೊಂಡು ಹಾಲು ಕುಡಿಸುತ್ತಲೇ ಊರು ದಾಟಿ, ಉತ್ತರಕ್ಕಿರುವ ಕಲ್ಲುಕ್ವಾರಿಯ ಅಂಚಿಗೆ ಹೋಗಿ ನಿಂತಿದ್ದಳಂತೆ. ಕಲ್ಲು ಒಡೆಯುವವರು ಕೂಗಿದ್ದಕ್ಕೆ ಎಚ್ಚರವಾಯಿತಂತೆ. ಇನ್ನೊಂದು ಹೆಜ್ಜೆ ಇತ್ತು. ಅದಕ್ಕೆ ಮನೆಯಲ್ಲಿ ತೀರ್ಮಾನವಾಗಿದೆ: ಈ ಕೂದಲಿನ ಶಾಸ್ತ್ರ ಮುಗಿದ ಕೂಡಲೇ ಕೂಸನ್ನು ಅವನ ಅಕ್ಕನ ಊರಿಗೆ ಕಳಿಸುವುದು. ಪಾವನಿ ಅಲ್ಲಿಗೆ ಹೋಗುವ ಹಾಗಿಲ್ಲ. ಅವಳಿಗೆ ತಿಳಿಸಿದ್ದೀರಾ ಎಂದೆ. ತಿಳಿದಿದೆ, ಎರಡು ದಿನದಿಂದ ಊಟ ಬಿಟ್ಟಿದ್ದಾಳೆ ಅಂದ. ಸಂಜೆ ಐದಕ್ಕೆ ಬರುವುದಾಗಿ ಹೇಳಿ ಹೊರಟುಹೋದ.

ಒಳಗೆ ಬಂದು ಪಾವನಿಯ ಗೊಂಬೆಯನ್ನು ಮಡಿಲಿಗೆ ತೆಗೆದುಕೊಂಡೆ. ಇಪ್ಪತ್ನಾಲ್ಕು ವರ್ಷದ ಮೇಲೆ ಅದು ನನ್ನ ಕೈಗೆ ಬಂದಿತ್ತು. ಬಾಣಂತಿಯರ ಕೂದಲು ಉದುರುವುದು ಎಲ್ಲ ಕಡೆಯೂ ಇದ್ದದ್ದೇ. ಇವಳದೂ ಉದುರಿತ್ತು, ಗೊಂಬೆಯದೂ. ಹಣೆಯಂಚಿನಲ್ಲಿ ನಾನು ಒತ್ತೊತ್ತಾಗಿ ನೆಟ್ಟದ್ದೆಲ್ಲ ಹೋಗಿ ಬರೀ ತೂತುಗಳು ಉಳಿದಿದ್ದವು. ಒಂದು ತೂತಿನೊಳಗೆ ಕಪ್ಪಗೆ ಏನೋ ಇತ್ತು. ಇಷ್ಟು ವರ್ಷ ಸುತ್ತಲಿನ ಕೂದಲು ಆ ಮೊನೆಯನ್ನು ಹತ್ತಿಯಲ್ಲಿಟ್ಟ ಹಾಗೆ ಬಿಗಿಹಿಡಿದಿತ್ತು. ಹಿಡಿತ ಹೋದ ಮೇಲೆ ಅಯಸ್ಕಾಂತದ ಗುಣ ಹತ್ತಿದ್ದ ಆ ಉಕ್ಕು ದಿಕ್ಸೂಚಿಯ ಮುಳ್ಳಿನ ಹಾಗೆ ಸಲೀಸಾಗಿ ಉತ್ತರಕ್ಕೆ ತಿರುಗತೊಡಗಿತ್ತು. ನಾನು ಗೊಂಬೆಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿದೆ. ಎದುರಿಗೆ ಕೂತಿದ್ದ ಪಾವನಿ ಕೂಸಿನ ಸಮೇತ ಬಲಕ್ಕೆ ವಾಲಿದಳು. ಸೊಂಟದ ಪಟ್ಟಿ ಬಿಗಿಯಿತು. ಗೊಂಬೆಯನ್ನು ಮೊದಲಿನ ಹಾಗೆ ಹಿಡಿದೆ. ಅವಳು ನೆಟ್ಟಗಾದಳು. ಅವಳಿಗೆ ಅದು ಗೊತ್ತೇ ಆಗಲಿಲ್ಲ, ಕೂಸಿನ ಟೋಪಿ ಸರಿಮಾಡುತ್ತಿದ್ದಳು.

ಆಗಲೂ ನಾನು ಸುಮ್ಮನಿರಬಹುದಿತ್ತು. ಬೇರೇನೋ ನೆಪ ಹೇಳಿ ಮೊನೆ ತೆಗೆದು, ಬಾಯಿಗೆ ಬೀಗ ಹಾಕಿಕೊಂಡು ಕಳಿಸಬಹುದಿತ್ತು. ಆದರೆ ತೆಗೆಯುವುದು ಅಷ್ಟು ಸುಲಭವಿರಲಿಲ್ಲ. ತಲೆ ಬಿಚ್ಚುವ ಹಾಗಿಲ್ಲ. ಹೋದ ದಾರಿಯಲ್ಲೇ ಹೊರಗೆ ತರಬೇಕು. ಅದಕ್ಕೆ ಉಲ್ಟಾ ಕಚ್ಚಿನ ಸೂಜಿ ಬೇಕು. ಮಾಮೂಲಿ ಸೂಜಿಯ ಕಚ್ಚು ಒಳಗೆ ಹೋಗುವಾಗ ಹಿಡಿಯುತ್ತದೆ, ಉಲ್ಟಾ ಸೂಜಿಯದು ಹೊರಗೆ ಬರುವಾಗ ಹಿಡಿಯುತ್ತದೆ. ತಪ್ಪಾಗಿ ನೆಟ್ಟ ಕೂದಲು ಕೀಳಲು ಅತ್ತೆ ಎರಡು ಇಟ್ಟುಕೊಂಡಿದ್ದರು. ಒಂದು ನಲವತ್ತೆರಡು, ಇನ್ನೊಂದು ಮೂವತ್ತಾರು. ಸಣ್ಣದಕ್ಕೆ ಕೂದಲು ಬರುತ್ತದೆ, ಉಕ್ಕು ಬರುವುದಿಲ್ಲ. ದಪ್ಪದ್ದನ್ನು ಬದುಕಿರುವವರ ಗೊಂಬೆಗೆ ಹಾಕಿದ್ದನ್ನು ನಾನು ಕಂಡಿಲ್ಲ. ಎಷ್ಟು ನೋಯುತ್ತದೆ, ನೋವಿನ ಜೊತೆ ಇನ್ನೇನು ಹೊರಗೆ ಬರುತ್ತದೆ, ನನಗೆ ಗೊತ್ತಿರಲಿಲ್ಲ. ಅವಳಿಗೆ ಹೇಳದೆ ಅದನ್ನು ಮಾಡಿದರೆ ಅದು ಮೊದಲನೆಯದಕ್ಕಿಂತ ದೊಡ್ಡ ಪಾಪ.

ಹೇಳಿದೆ. ಬಿಸಿನೀರು ಆರಿದ್ದು, ಟಿಕ್ ಅಂದದ್ದು, ಇಕ್ಕಳದಿಂದ ಇನ್ನೊಂದು ಸೂಜಿ ಮುರಿದದ್ದು, ಅವಳ ತಾಯಿ ಅದನ್ನು ಕಣ್ಣಿಗೊತ್ತಿಕೊಂಡದ್ದು. ಅವಳ ಕಡೆ ನೋಡಲಾಗದೆ ಗೊಂಬೆಯ ಮುಖಕ್ಕೇ ಹೇಳುತ್ತಿದ್ದೆ. ಮುಖ ಎರಡೂ ಒಂದೇ ಎನ್ನುವುದು ಆಮೇಲೆ ಹೊಳೆಯಿತು. ತೊಟ್ಟಿಲಿನ ಸುಳ್ಳನ್ನೂ ಹೇಳಿದೆ. ಪಾವನಿ ಕೂಸಿನ ಬೆನ್ನು ಸವರುತ್ತಿದ್ದಳು.

"ದೊಡ್ಡಮ್ಮ, ಅಮ್ಮ ನನ್ನ ಮಡಿಲಲ್ಲೇ ಹೋದ್ಲು. ಕೊನೇಲೂ ಅದೇ ಮಾತು. ನಾನು ತೊಟ್ಲು ಸರಿಯಾಗ್ ಕಟ್ಲಿಲ್ಲ ಕಣೇ, ಕ್ಷಮಿಸ್ಬಿಡೇ ಅಂತ."

ನೀನು ಏನು ಬೇಕಾದರೂ ಅನ್ನು, ಹೊಡೆಯುವುದಾದರೆ ಹೊಡಿ, ಆದರೆ ಇವತ್ತು ಇದನ್ನು ತೆಗೆಸಿಕೊಂಡು ಹೋಗು ಅಂದೆ. ಎರಡು ಸೂಜಿಯನ್ನೂ ತಟ್ಟೆಯಲ್ಲಿಟ್ಟು ಅವಳ ಮುಂದೆ ಸರಿಸಿದೆ. ಯಾವುದು ಏನು ಮಾಡುತ್ತದೆ, ಯಾವುದರ ಬಗ್ಗೆ ನನಗೆ ಏನೂ ಗೊತ್ತಿಲ್ಲ, ಎಲ್ಲ ಹೇಳಿದೆ. ಬಡಗಿಯ ಕಥೆಯನ್ನೂ ಮುಚ್ಚಿಡಲಿಲ್ಲ.

"ನನ್ ಮಗೂನ ನಾನು ಮರ್ತುಬಿಡ್ತೀನಾ?" ಎಂದು ಕೇಳಿದಳು.

"ತಲೆ ಬಿಚ್ಚಲ್ಲ. ಮರೆಯೋದಿಲ್ಲ ಅಂತ ನನ್ ಅಂದಾಜು. ಆದ್ರೆ ಗ್ಯಾರಂಟಿ ಕೊಡಲ್ಲ ಕಣಮ್ಮ. ಸುಳ್ಳು ಹೇಳಿದ್ದು ಸಾಕು."

ಅವಳು ತಟ್ಟೆಯಿಂದ ಮೂವತ್ತಾರನೇ ನಂಬರಿನದನ್ನು ಎತ್ತಿ ನನ್ನ ಕೈಗೆ ಕೊಟ್ಟಳು.

ನೀರು ಕಾಯಿಸಿದೆ. ಕುದಿ ಬರುವ ತನಕ ಒಲೆಯ ಪಕ್ಕದಲ್ಲೇ ನಿಂತಿದ್ದೆ. ಗೊಂಬೆಯ ಹಣೆಯನ್ನು ಬಿಸಿ ಬಟ್ಟೆಯಲ್ಲಿ ಒತ್ತಿ ಒತ್ತಿ ಮೆತ್ತಗೆ ಮಾಡಿದೆ. ಪಾವನಿಯ ಹಣೆಯ ಮೇಲೆ ಬೆವರು ಮೂಡಿತು. ಗೊಂಬೆ ಯಾರದೋ ಅವರನ್ನು ತಾಯಿ ಹಿಡಿದುಕೊಂಡಿರಬೇಕು ಎನ್ನುವುದು ಕಟ್ಟಳೆ. ಇವಳನ್ನು ಹಿಡಿದುಕೊಳ್ಳಲು ಯಾರೂ ಇರಲಿಲ್ಲ. ಅವಳೇ ತನ್ನ ಕೂಸನ್ನು ಹಿಡಿದುಕೊಂಡು ಕೂತಳು. ನಾನು ಅವಳ ಹುಬ್ಬಿನ ಮೇಲೆ ಕಣ್ಣಿಟ್ಟು ಸೂಜಿ ಇಳಿಸಿದೆ. ಮೊದಲ ಸಲ ಹುಬ್ಬು ಗಂಟಿಕ್ಕಿತು. ಎರಡನೇ ಸಲ ತುಟಿ ಕಚ್ಚಿದಳು, ರಕ್ತ ಬಂತು. ಮೂರನೇ ಸಲ ಸೂಜಿಯ ಕಚ್ಚಿಗೆ ಒಳಗೆ ಏನೋ ತಗುಲಿತು. ಉಕ್ಕಿಗೆ ಉಕ್ಕು ತಾಗಿದ್ದು ಬೆರಳಿಗೆ ಗೊತ್ತಾಗುತ್ತದೆ. ನಿಲ್ಲಿಸಲಾ ಎಂದು ಕಣ್ಣಲ್ಲೇ ಕೇಳಿದೆ. ಅವಳು ಬೇಡವೆಂದು ತಲೆ ಅಲ್ಲಾಡಿಸಿದಳು. ಒಂದೇ ಉಸಿರಿಗೆ ಎಳೆದೆ.

ಪಾವನಿ ಬಾಯಿ ತೆರೆದಳು. ಅದರಿಂದ ಬಂದದ್ದು ಅವಳ ಸ್ವರವಲ್ಲ. ಮೂರು ತಿಂಗಳ ಕೂಸಿನ ಅಳು, ಹಸಿದು ಅಳುವ ಅಳು, ಮಧ್ಯದಿಂದಲೇ ಶುರುವಾದದ್ದು. ಇಪ್ಪತ್ನಾಲ್ಕು ವರ್ಷದ ಹೆಂಗಸಿನ ಬಾಯಿಂದ ಅದು ಬರುತ್ತಲೇ ಇತ್ತು. ಅವಳ ಮಡಿಲಿನ ಕೂಸು ಅಳಲಿಲ್ಲ. ತಾಯಿಯ ಮುಖವನ್ನೇ ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡುತ್ತಿತ್ತು. ಎಷ್ಟೋ ಹೊತ್ತಾದ ಮೇಲೆ ಅಳು ಬಿಕ್ಕಾಗಿ, ಬಿಕ್ಕು ಅವಳದೇ ಸ್ವರವಾಗಿ ನಿಂತಿತು. ಸೂಜಿಯ ಕಚ್ಚಿನಲ್ಲಿ ಮೊನೆ ಸಿಕ್ಕಿಕೊಂಡಿತ್ತು. ಎಳ್ಳಿನಷ್ಟೂ ಇರಲಿಲ್ಲ.

ಅವಳು ಮೊದಲು ನೋಡಿದ್ದು ಕೂಸನ್ನು. ಹೆಸರು ಹಿಡಿದು ಕರೆದಳು, ಕೆನ್ನೆ ಮುಟ್ಟಿದಳು, ಸೆರಗು ಸರಿಸಿ ಹಾಲು ಕೊಟ್ಟಳು. ನನಗೆ ಹೋದ ಜೀವ ಬಂದ ಹಾಗಾಯಿತು. ಆಮೇಲೆ ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಹುಟ್ಟಿದಾಗಿನಿಂದ ನಾನು ಕಂಡ ಹುಡುಗಿ, ಅವತ್ತೇ ಮೊದಲ ಸಲ ಅವಳ ಎರಡು ಕಣ್ಣೂ ನೇರವಾಗಿ ನನ್ನ ಮೇಲೆ ಬಿದ್ದವು. ಅದನ್ನು ತಡೆದುಕೊಳ್ಳುವುದು ಕಷ್ಟವಾಗಿತ್ತು. ಸೊಂಟದ ಪಟ್ಟಿ ಬಿಚ್ಚಿದೆ. ಅವಳು ಎಲ್ಲಿಗೂ ನಡೆಯಲಿಲ್ಲ.

ಕೂಸಿನ ಗೊಂಬೆಯನ್ನು ಕೈಗೆತ್ತಿಕೊಳ್ಳಲು ಹೋದೆ. ಬೇಡ ಅಂದಳು. ಈಗಲೇ ಮನೆಗೆ ಹೋಗಬೇಕು, ನೀವೂ ಬರಬೇಕು, ಅಲ್ಲಿ ಎಲ್ಲರೆದುರಿಗೆ ನನಗೆ ಹೇಳಿದ್ದನ್ನೆಲ್ಲ ಹೇಳಬೇಕು, ಅಮ್ಮ ಕಟ್ಟಿದ ತೊಟ್ಟಿಲು ಸರಿಯಿತ್ತು ಅಂತ ಹೇಳಬೇಕು ಅಂದಳು. ಬೈಗುಳವಿಲ್ಲ, ಕೂಗಾಟವಿಲ್ಲ. ಗಂಟೆ ನಾಲ್ಕಾಗಿತ್ತು, ಗುರುಪಾದ ಐದಕ್ಕೆ ಬರುತ್ತಾನಲ್ಲ ಅಂದೆ. ಕಾಯುವುದಿಲ್ಲ ಅಂದಳು. ಹೇಳಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಇನ್ನು ಈ ಊರಿನ ಯಾವ ತಾಯಿಯೂ ನನ್ನ ಮಡಿಲಲ್ಲಿ ಗೊಂಬೆಯ ತಲೆ ಇಡುವುದಿಲ್ಲ. ನಾನು ನೆಟ್ಟ ನೂರಾರು ತಲೆಗಳನ್ನು ಬೀರುವಿನಿಂದ ತೆಗೆದು ಹಣೆ ನೆತ್ತಿ ತಡಕುತ್ತಾರೆ. ಎರಡು ಗೊಂಬೆಯನ್ನೂ ಕಂಕುಳಲ್ಲಿಟ್ಟುಕೊಂಡು ಚಪ್ಪಲಿ ಮೆಟ್ಟಿದೆ.

ಹೊಸ್ತಿಲು ದಾಟಿದ ಪಾವನಿ ಬೀದಿಯಲ್ಲಿ ನಿಂತುಬಿಟ್ಟಳು. ಆ ಕಡೆ ನೋಡಿದಳು, ಈ ಕಡೆ ನೋಡಿದಳು. ನೀರಿನ ಟ್ಯಾಂಕು ಕಾಣುತ್ತದೆ, ಹೂವಿನ ಅಂಗಡಿ ಕಾಣುತ್ತದೆ, ಎಲ್ಲದರ ಗುರುತೂ ಇದೆ, ಆದರೆ ಯಾವುದು ಯಾವ ಕಡೆ ಎಂದು ತಿಳಿಯುತ್ತಿಲ್ಲ ಅಂದಳು. ಇಷ್ಟು ವರ್ಷ ಅವಳು ದಾರಿ ಕಲಿತೇ ಇರಲಿಲ್ಲ, ಅದರ ಅಗತ್ಯವೇ ಬಿದ್ದಿರಲಿಲ್ಲ. ಕೂಸನ್ನು ಎದೆಗೆ ಅವುಚಿಕೊಂಡಳು. ಭಯಪಟ್ಟಿದ್ದಳು. ಅವಳು ಭಯಪಟ್ಟದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ನೀವು ಮುಂದೆ ನಡೀರಿ ದೊಡ್ಡಮ್ಮ. ನಾನು ಹಿಂದೆ ಬರ್ತೀನಿ."

ನಡೆದೆ. ಹಿಂದಿನಿಂದ ಅವಳ ಹೆಜ್ಜೆ ನನ್ನ ಹೆಜ್ಜೆಯ ಮೇಲೇ ಬೀಳುತ್ತಿತ್ತು. ಹಿಟ್ಟಿನ ಗಿರಣಿಯ ಹತ್ತಿರ ದಾರಿ ಎರಡಾಗುತ್ತದೆ. ಬಲಕ್ಕೆ ಹೋದರೆ ಆರನೇ ಮನೆ ಅವಳದು. ಎಡಕ್ಕೆ ಹೋದರೆ ಗರಡಿ ಓಣಿ, ಬಳೆ ಬಜಾರು ಎಲ್ಲ ಸುತ್ತಿಕೊಂಡು ಕೊನೆಗೆ ನನ್ನ ಮನೆಯ ಹಿತ್ತಲಿಗೇ ಬಂದು ಸೇರುತ್ತದೆ. ಅಷ್ಟು ಹೊತ್ತಿಗೆ ಐದು ಗಂಟೆಯಾಗಿರುತ್ತದೆ, ಗುರುಪಾದ ಬಂದಿರುತ್ತಾನೆ, ಹೆಂಡತಿ ಸರಿಹೋದ ಸಂತೋಷದಲ್ಲಿ ಅವನು ಬೇರೇನೂ ಕೇಳುವುದಿಲ್ಲ. ಅವಳೂ ಸುಸ್ತಾಗಿರುತ್ತಾಳೆ. ಇವತ್ತು ತಪ್ಪಿದರೆ ನಾಳೆ ಅವಳ ಸಿಟ್ಟು ಇಷ್ಟು ಗಟ್ಟಿಯಾಗಿರುವುದಿಲ್ಲ. ಇದೆಲ್ಲ ನನ್ನ ತಲೆಯಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಕೂತಿತು. ನಾನು ಗಿರಣಿಯ ಮುಂದೆ ನಿಂತೆ. ಹಿಂದೆ ಅವಳೂ ನಿಂತಳು. ನಾನು ಎತ್ತ ತಿರುಗಿದರೂ ಅವಳು ಬರುವವಳೇ.

ಬಲಕ್ಕೆ ತಿರುಗಿದೆ. ಆರು ಮನೆ ದಾಟುವುದು ಅಷ್ಟು ದೂರ ಎಂದು ಅವತ್ತೇ ಗೊತ್ತಾದದ್ದು. ಜಗಲಿಯ ಮೇಲೆ ಅವಳ ಅತ್ತೆ ಕೂಸನ್ನು ಕಳಿಸಲು ಬಟ್ಟೆ ಮಡಿಸಿ ಚೀಲಕ್ಕೆ ತುಂಬುತ್ತಿದ್ದರು, ನಮ್ಮನ್ನು ಕಂಡು ಎದ್ದು ನಿಂತರು. ಪಾವನಿ ಗೇಟಿನ ಹೊರಗೇ ನಿಂತು ತಾನು ಮೂರು ವರ್ಷ ಬಾಳಿದ ಮನೆಯನ್ನು ಮೇಲಿಂದ ಕೆಳಗಿನ ತನಕ ನೋಡಿದಳು. ಆಮೇಲೆ ಅತ್ತೆಯನ್ನು ಕೇಳಲಿಲ್ಲ, ನನ್ನನ್ನು ಕೇಳಿದಳು.

"ನಮ್ಮನೆ ಬಾಗ್ಲು ಈ ಕಡೆಗೇ ಇತ್ತಾ?"

"ಈ ಕಡೆಗೇ ಇತ್ತಮ್ಮ" ಅಂದೆ.

ಅವಳು ನನ್ನ ಮಾತು ನಂಬಿ ಒಳಗೆ ಕಾಲಿಟ್ಟಳು.